ಸಣ್ಣ ಹಕ್ಕಿಯ ಚಿತ್ರಕ್ಕೆ ಮೊದಲು ಮರ ಆರಿಸಿ, ಆಮೇಲೆ ಲೆನ್ಸ್

ಗಸಗಸೆ ಹಣ್ಣಿನ ಮರದ ಕೆಳಗೆ ಬದನಿಕೆ ಹಕ್ಕಿಗಾಗಿ ಕಾದವರಿಗೆ ಈ ಅನುಭವ ಹೊಸದಲ್ಲ. ‘ಚಿಕ್ ಚಿಕ್’ ಎಂಬ ಚುಟುಕು ಸದ್ದು ತಲೆಯ ಮೇಲೇ ಕೇಳುತ್ತದೆ, ಹಕ್ಕಿ ಮಾತ್ರ ಕಾಣುವುದಿಲ್ಲ. ಕಂಡಿತು ಎಂದು ಕ್ಯಾಮೆರಾ ಎತ್ತುವಷ್ಟರಲ್ಲಿ ಕೊಂಬೆ ಖಾಲಿ. ಮನೆಗೆ ಬಂದು ನೋಡಿದರೆ ಎಲೆಯ ನರಗಳೆಲ್ಲ ಸ್ಪಷ್ಟವಾಗಿ ಮೂಡಿವೆ, ಅದರ ಹಿಂದೆ ಹಕ್ಕಿ ಒಂದು ಬೂದು ಮಸುಕು. ಬದನಿಕೆ ಹಕ್ಕಿ ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು ಎಂಟು ಸೆಂಟಿಮೀಟರ್ ಅಷ್ಟೇ. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಅದೂ ಒಂದು. ಸೂರಕ್ಕಿ ಹತ್ತು ಸೆಂಟಿಮೀಟರ್. ಚಳಿಗಾಲ ಕಳೆಯಲು ಉತ್ತರದಿಂದ ನಮ್ಮಲ್ಲಿಗೆ ಬರುವ ಹಸಿರು ಉಲಿಯಕ್ಕಿಯೂ ಹೆಚ್ಚುಕಡಿಮೆ ಅಷ್ಟೇ ಉದ್ದ, ಒಂದೆಡೆ ಎರಡು ಕ್ಷಣ ಕೂರುವ ಸ್ವಭಾವ ಅದಕ್ಕಿಲ್ಲ.

ಇಂಥ ಹಕ್ಕಿಗಳ ಹಿಂದೆ ಬೀಳುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ‘ಯಾವ ಲೆನ್ಸ್ ಕೊಳ್ಳಲಿ?’ ಎಂಬುದು. ಅದಕ್ಕೂ ಮೊದಲು ತೀರ್ಮಾನ ಆಗಬೇಕಾದದ್ದು ಬೇರೆ ಇದೆ: ಹಕ್ಕಿಯನ್ನು ಹುಡುಕಿಕೊಂಡು ನೀವು ನಡೆಯುತ್ತೀರೋ, ಹಕ್ಕಿ ಬರುವ ಕಡೆ ಹೋಗಿ ಕೂರುತ್ತೀರೋ? ಇದು ಇತ್ಯರ್ಥವಾದರೆ ಲೆನ್ಸ್‌ನ ಪ್ರಶ್ನೆಗೆ ಅರ್ಧ ಉತ್ತರ ತಾನಾಗಿಯೇ ಸಿಗುತ್ತದೆ. ಏಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕೋಣ.

ಹತ್ತು ಸೆಂಟಿಮೀಟರಿನ ಸೂರಕ್ಕಿ ಎಂಟು ಮೀಟರ್ ದೂರದಲ್ಲಿದೆ, ನಿಮ್ಮ ಲೆನ್ಸ್ 400 ಮಿ.ಮೀ. (ಈ ಅಂಕಿ ದೊಡ್ಡದಾದಷ್ಟೂ ಬಿಂಬ ದೊಡ್ಡದು). ಆಗ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ, ಅಂದರೆ ಸೆನ್ಸರ್ ಮೇಲೆ ಬೀಳುವ ಹಕ್ಕಿಯ ಬಿಂಬ 5 ಮಿ.ಮೀ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, ಅಂದರೆ ಚಿತ್ರದ ಅಗಲದ ಏಳನೆಯ ಒಂದು ಭಾಗ ಮಾತ್ರ ಹಕ್ಕಿ. ಅದೇ ಜಾಗದಿಂದ 600 ಮಿ.ಮೀ. ಲೆನ್ಸ್ ಹಿಡಿದರೆ ಬಿಂಬ 7.5 ಮಿ.ಮೀ. ಆಗುತ್ತದೆ. ಈಗ ಹಳೆಯ 400 ಮಿ.ಮೀ. ಲೆನ್ಸ್ ಅನ್ನೇ ಇಟ್ಟುಕೊಂಡು ಎಂಟು ಮೀಟರಿನ ಬದಲು ಐದೂಕಾಲು ಮೀಟರಿನಲ್ಲಿ ಹಕ್ಕಿ ಸಿಗುವಂತೆ ಮಾಡಿಕೊಂಡರೆ? ಬಿಂಬ ಅಷ್ಟೇ ದೊಡ್ಡದಾಗುತ್ತದೆ. ಎರಡು ಲೆನ್ಸ್‌ಗಳ ನಡುವೆ ಇರುವ ಹಣದ ಅಂತರವನ್ನು ಆ ಎರಡು ಮುಕ್ಕಾಲು ಮೀಟರ್ ತುಂಬಿಕೊಡುತ್ತದೆ. ಹತ್ತಿರದ ಚಿತ್ರಕ್ಕೆ ಇನ್ನೊಂದು ಲಾಭವೂ ಇದೆ. ನಡುವೆ ಗಾಳಿ ಕಡಿಮೆ, ಬಿಸಿಲಿಗೆ ನಡುಗುವ ಆವಿ ಕಡಿಮೆ, ಹಾಗಾಗಿ ಗರಿಯ ಎಳೆಗಳು ಬಿಡಿಬಿಡಿಯಾಗಿ ಮೂಡುತ್ತವೆ.

ನಡೆಯುವುದು, ಮರದ ಬಳಿ ಕೂರುವುದು, ಮರೆಯಲ್ಲಿ ಕಾಯುವುದು

ಮೂರಕ್ಕೂ ಅದರದರ ಹಕ್ಕಿಗಳಿವೆ. ಎಲ್ಲರೂ ಶುರು ಮಾಡುವುದು ನಡಿಗೆಯಿಂದ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲೋ ಬೆಂಗಳೂರಿನ ಲಾಲ್‌ಬಾಗಿನಲ್ಲೋ ಬೆಳಗ್ಗೆ ಎರಡು ಗಂಟೆ ಸುತ್ತಿದರೆ ಹತ್ತಾರು ಬಗೆಯ ಹಕ್ಕಿಗಳು ಕಾಣುತ್ತವೆ. ಹಕ್ಕಿಯ ಕೂಗು, ನಡೆ, ಅದು ಇಷ್ಟಪಡುವ ಪೊದೆ ಇದನ್ನೆಲ್ಲ ಕಲಿಯಲು ನಡಿಗೆಯೇ ಬೇಕು. ಚಿತ್ರದ ಮಟ್ಟಿಗೆ ಹೇಳುವುದಾದರೆ ನಡಿಗೆಯಲ್ಲಿ ಸಿಗುವುದು ಬಹುಪಾಲು ದಾಖಲೆಯ ಚಿತ್ರಗಳು. ಸಣ್ಣ ಹಕ್ಕಿ ಚಲನೆಗೆ ಬೆದರುತ್ತದೆ. ನಾವು ಹತ್ತು ಹೆಜ್ಜೆ ಇಟ್ಟರೆ ಅದು ಹನ್ನೆರಡು ಹೆಜ್ಜೆ ದೂರ ಸರಿಯುತ್ತದೆ.

ಇದಕ್ಕೆ ಹೊರತಾದದ್ದು ಎರಡು. ಒಂದು, ನೊಣಹಿಡುಕಗಳು. ಕೊಂಬೆಯಿಂದ ಹಾರಿ ಗಾಳಿಯಲ್ಲಿ ಹುಳು ಹಿಡಿದು ಬಹಳ ಸಲ ಅದೇ ಕೊಂಬೆಗೆ, ಇಲ್ಲವೇ ಪಕ್ಕದ ಕೊಂಬೆಗೆ ಮರಳುತ್ತವೆ. ಒಮ್ಮೆ ಆ ಕೊಂಬೆ ಪತ್ತೆಯಾದರೆ ಫೋಕಸ್ ಅಲ್ಲೇ ಇಟ್ಟು ನಿಲ್ಲಬಹುದು. ಎರಡು, ಚಳಿಗಾಲದಲ್ಲಿ ಕಾಡಿನೊಳಗೆ ಸಾಗುವ ಮಿಶ್ರ ಗುಂಪುಗಳು. ಚೇಕಡಿ, ಚಿತ್ರಪಕ್ಷಿ, ಮರಗುಬ್ಬಿ, ಬೀಸಣಿಗೆ ಬಾಲದ ನೊಣಹಿಡುಕ ಎಲ್ಲವೂ ಒಟ್ಟಾಗಿ ಹುಳು ಹುಡುಕುತ್ತಾ ಒಂದೇ ದಿಕ್ಕಿಗೆ ಹೋಗುತ್ತಿರುತ್ತವೆ. ಗುಂಪಿನ ಹಿಂದೆ ಓಡಿದರೆ ಬಾಲಗಳು ಮಾತ್ರ ಸಿಗುತ್ತವೆ. ದಿಕ್ಕು ನೋಡಿಕೊಂಡು, ದೂರದಿಂದ ಬಳಸಿ, ಐವತ್ತು ಹೆಜ್ಜೆ ಮುಂದೆ ಹೋಗಿ ಮರಕ್ಕೆ ಒರಗಿ ನಿಂತರೆ ಗುಂಪು ನಮ್ಮ ತಲೆಯ ಮೇಲೆ ಸುತ್ತಮುತ್ತ ಹಾದುಹೋಗುತ್ತದೆ.

ನಾನು ಮನಸಾರೆ ಶಿಫಾರಸು ಮಾಡುವುದು ಎರಡನೆಯದನ್ನು, ಒಂದು ಮರವನ್ನು ಆರಿಸಿಕೊಂಡು ಕೂರುವುದನ್ನು. ಹಣ್ಣೋ ಹೂವೋ ಇರುವ ಮರ ಹಕ್ಕಿಗಳ ಪಾಲಿಗೆ ಅಡುಗೆಮನೆ ಇದ್ದಂತೆ, ಓಡಿಸಿದರೂ ಮತ್ತೆ ಬರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಬೂರುಗ ಮತ್ತು ಮುತ್ತುಗ ಹೂ ಬಿಡುತ್ತವೆ, ಎರಡಕ್ಕೂ ಆ ಹೊತ್ತಿಗೆ ಎಲೆ ಹೆಚ್ಚಿರುವುದಿಲ್ಲ. ಎಲೆ ಇಲ್ಲದ ಮರದಲ್ಲಿ ಹಕ್ಕಿ ಮರೆಯಾಗಲು ಜಾಗವಿಲ್ಲ, ಫೋಕಸ್ ತಪ್ಪಿಸುವ ಕಡ್ಡಿಗಳೂ ಕಡಿಮೆ. ಮಾವಿನ ಮರಕ್ಕೆ ಬದನಿಕೆ ಎಂಬ ಪರಾವಲಂಬಿ ಗಿಡ ಹತ್ತಿದೆ ಎಂದು ತೋಟದವರು ಬೇಸರಪಟ್ಟುಕೊಳ್ಳುತ್ತಾರೆ, ಆದರೆ ಅದರ ಹೂವಿಗೆ ಸೂರಕ್ಕಿ, ಹಣ್ಣಿಗೆ ಬದನಿಕೆ ಹಕ್ಕಿ ತಪ್ಪದೆ ಬರುತ್ತವೆ. ಕರಾವಳಿಯವರು ಪೂಂಬೆ ಎನ್ನುವ ಬಾಳೆ ಹೂವಂತೂ ಆಳೆತ್ತರದಲ್ಲೇ ತೂಗುತ್ತಿರುತ್ತದೆ, ಒಂದೊಂದಾಗಿ ಎಸಳು ಮೇಲೆದ್ದು ಹೊಸ ಸಾಲಿನ ಹೂಗಳು ಬಿಡುತ್ತಾ ಹೋಗುತ್ತವೆ. ಸೂರಕ್ಕಿ ಅದಕ್ಕೆ ತಲೆಕೆಳಗಾಗಿ ಜೋತುಬಿದ್ದು ಮಕರಂದ ಹೀರುವಾಗ ಮೂರು ನಾಲ್ಕು ಸೆಕೆಂಡು ಒಂದೇ ಭಂಗಿಯಲ್ಲಿರುತ್ತದೆ. ಈ ಹಕ್ಕಿಗಳ ಲೋಕದಲ್ಲಿ ಅದು ದೀರ್ಘ ಕಾಲ.

ಊರಿನಲ್ಲಿ ಇರುವವರಿಗೆ ಗಸಗಸೆ ಹಣ್ಣಿನ ಮರ ವರ್ಷದ ಬಹುಪಾಲು ಹಣ್ಣು ಕೊಡುತ್ತದೆ. ಅದನ್ನು ಕೆಳಗಿನಿಂದ ನೋಡಬೇಡಿ. ನಮ್ಮ ಬೀದಿಯ ಮರವನ್ನು ನಾನು ಎರಡು ವರ್ಷ ರಸ್ತೆಯಲ್ಲಿ ನಿಂತೇ ನೋಡುತ್ತಿದ್ದೆ, ಸಿಕ್ಕಿದ್ದೆಲ್ಲ ಬಿಳಿ ಆಕಾಶಕ್ಕೆ ಎದುರಾದ ಕಪ್ಪು ಹೊಟ್ಟೆಗಳು. ಪಕ್ಕದ ಮನೆಯವರನ್ನು ಕೇಳಿಕೊಂಡು ಅವರ ತಾರಸಿಗೆ ಹತ್ತಿದ ದಿನ ಎಲ್ಲವೂ ಬದಲಾಯಿತು. ಹಕ್ಕಿ ಕಣ್ಣಿನ ಮಟ್ಟದಲ್ಲಿ, ಹಿನ್ನೆಲೆಯಲ್ಲಿ ಆಕಾಶದ ಬದಲು ದೂರದ ತೆಂಗಿನ ಮರಗಳ ಮಸುಕು ಹಸಿರು, ಸೂರ್ಯ ನನ್ನ ಬೆನ್ನಿಗೆ. ಅಲ್ಲೇ ಒಂದು ಬೆಳಗ್ಗೆ ಪಕ್ಕದ ಕೊಂಬೆಗೆ ಹತ್ತಿದ ಬದನಿಕೆಯ ಹಣ್ಣು ತಿಂದ ಹಕ್ಕಿಯೊಂದು ನಾಲ್ಕೂವರೆ ಮೀಟರಿನಲ್ಲಿ ಬಂದು ಕೂತಿತು. ಅದು ಕೊಂಬೆಗೆ ಅಡ್ಡಲಾಗಿ ಕೂರುವ ಬದಲು ಕೊಂಬೆಯ ಉದ್ದಕ್ಕೆ ಮೈ ತಿರುಗಿಸಿತು. ಅಂಟು ಅಂಟಾದ ಬೀಜ ಅದರ ಹಿಂಬದಿಗೆ ಹತ್ತಿಕೊಂಡಿತ್ತು, ಅದನ್ನು ತೊಗಟೆಗೆ ಒರೆಸಿ, ಒಮ್ಮೆ ಮೈ ಕೊಡವಿ, ಹಾರಿಹೋಯಿತು. ಬೀಜ ಒಂದು ಎಳೆಯ ಲೋಳೆಯೊಂದಿಗೆ ಅಲ್ಲೇ ಉಳಿಯಿತು. ಬದನಿಕೆ ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ದಾರಿ ಅದು. ನಡೆಯುತ್ತಿದ್ದರೆ ಆ ದೃಶ್ಯ ನನಗೆ ಎಂದೂ ಸಿಗುತ್ತಿರಲಿಲ್ಲ.

ಮೂರನೆಯದು ನೀರಿನ ಬಳಿಯ ಮರೆ. ಉತ್ತರ ಕನ್ನಡದ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಓಲ್ಡ್ ಮ್ಯಾಗಜೀನ್ ಹೌಸ್ ಇಂದು ಇದಕ್ಕೇ ಹೆಸರಾಗಿದೆ. ಹಕ್ಕಿಗಳಿಗೆ ಮೀಯಲು ಆಳವಿಲ್ಲದ ನೀರಿನ ತೊಟ್ಟಿಗಳಿವೆ. ನಿತ್ಯಹರಿದ್ವರ್ಣ ಕಾಡಿನ ಹಕ್ಕಿಗಳು ಇಷ್ಟು ಹತ್ತಿರ ಸಿಗುವುದು ಅಪರೂಪ. ಕೆಂಪು ಕೊರಳಿನ ಪಿಕಳಾರ, ಶಾಮ, ಪೊದೆಯಿಂದ ಹೊರಗೆ ಬರಲು ಹಿಂಜರಿಯುವ ಹರಟೆಮಲ್ಲಗಳು ಎಲ್ಲವೂ ಮೀಯಲು ಇಳಿಯುತ್ತವೆ. ಬೇಸಿಗೆಯ ಮಧ್ಯಾಹ್ನ ಸೊಗಸು. ಚಿತ್ರಗಳು ನಿಶ್ಚಿತ, ಶ್ರಮ ಕಡಿಮೆ. ನನ್ನ ತಕರಾರು ಒಂದೇ: ಎಲ್ಲರ ಚಿತ್ರವೂ ಒಂದೇ ಕೊಂಬೆಯ, ಒಂದೇ ಹಿನ್ನೆಲೆಯ ಚಿತ್ರವಾಗುತ್ತದೆ. ಕಾಡಿನ ಹಕ್ಕಿಯ ಮೊದಲ ಪರಿಚಯಕ್ಕೆ ಒಮ್ಮೆ ಖಂಡಿತ ಹೋಗಿ, ಅಲ್ಲಿಗೇ ನಿಲ್ಲಬೇಡಿ. ಹೆಸರಘಟ್ಟದಂಥ ಹುಲ್ಲುಗಾವಲಿನ ನೆಲಗುಬ್ಬಿಗಳಿಗೆ ಕಾರೇ ಒಳ್ಳೆಯ ಮರೆ. ಇರುವ ದಾರಿ ಬಿಟ್ಟು ಹುಲ್ಲಿನ ಮೇಲೆ ಚಕ್ರ ಹತ್ತಿಸಬಾರದು ಅಷ್ಟೇ, ಅವು ಗೂಡು ಮಾಡುವುದು ನೆಲದ ಮೇಲೆ.

ಈಗ ಲೆನ್ಸ್

ಕೊಳ್ಳುವವರು ಮಿಲಿಮೀಟರ್ ನೋಡುತ್ತಾರೆ, ಎಫ್ ಸಂಖ್ಯೆ (ಇದು ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಹೆಚ್ಚು ಬೆಳಕು) ನೋಡುತ್ತಾರೆ. ಸಣ್ಣ ಹಕ್ಕಿಗೆ ಅಷ್ಟೇ ಮುಖ್ಯವಾದ ಇನ್ನೆರಡು ಅಂಕಿಗಳನ್ನು ಬಿಟ್ಟುಬಿಡುತ್ತಾರೆ: ತೂಕ, ಮತ್ತು ಎಷ್ಟು ಹತ್ತಿರದವರೆಗೆ ಫೋಕಸ್ ಆಗುತ್ತದೆ ಎಂಬುದು. ಎರಡನೆಯದರ ಬೆಲೆ ನನಗೆ ತಿಳಿದದ್ದು ಒಂದು ಕಾಡಿನ ಮರೆಯಲ್ಲಿ. ಪುಟ್ಟ ನೊಣಹಿಡುಕವೊಂದು ಮೂರು ಮೀಟರ್ ದೂರದ ಬಳ್ಳಿಯ ಮೇಲೆ ಬಂದು ಕೂತು ನನ್ನನ್ನೇ ನೋಡುತ್ತಿತ್ತು, ನನ್ನ ಲೆನ್ಸ್ ಅಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಬರಿಗಣ್ಣಿನಲ್ಲೇ ನೋಡಿದೆ.

150–600 ಅಥವಾ 200–600 ಮಿ.ಮೀ. ಜೂಮ್‌ಗಳು ಇಂದು ಹಕ್ಕಿ ಚಿತ್ರಕಾರರ ಸಾಮಾನ್ಯ ಆಯ್ಕೆ. ಸಿಗ್ಮಾದ 150–600 ಕಂಟೆಂಪರರಿ ಎರಡು ಕಿಲೋ ಹತ್ತಿರ ತೂಗುತ್ತದೆ, 2.8 ಮೀಟರ್‌ವರೆಗೆ ಫೋಕಸ್ ಆಗುತ್ತದೆ. ಸೋನಿಯ 200–600 ಎರಡು ಕಿಲೋ ನೂರು ಗ್ರಾಂ ಮೇಲೆ, 2.4 ಮೀಟರ್. ಇದು ಜೂಮ್ ಮಾಡಿದಾಗ ಉದ್ದವಾಗುವುದಿಲ್ಲ, ಹಾಗಾಗಿ ಕೈಯಲ್ಲಿ ತೂಕದ ಸಮತೋಲ ಕೆಡುವುದಿಲ್ಲ. ನಿಕಾನ್ 200–500 ಸುಮಾರು 2.3 ಕಿಲೋ, ಉದ್ದಕ್ಕೂ ಎಫ್ 5.6. ಮರದ ಬಳಿ ಮೋನೊಪಾಡ್ (ಒಂಟಿ ಕಾಲಿನ ಊರುಗೋಲು) ಊರಿ ಕೂರುವವರಿಗೆ ಇವು ಒಳ್ಳೆಯವು. ಬೆಳಗಿನ ನಡಿಗೆಗೆ ಹೊತ್ತುಕೊಂಡು ಹೋದರೆ ಎರಡನೆಯ ಗಂಟೆಗೆ ತೋಳು ಸೋತಿರುತ್ತದೆ. ಹಕ್ಕಿ ಕಂಡ ಕ್ಷಣದಲ್ಲಿ ಲೆನ್ಸ್ ಕಣ್ಣಿಗೆ ಏರುವುದು ಅರ್ಧ ಸೆಕೆಂಡು ತಡವಾದರೂ ಉಲಿಯಕ್ಕಿ ಅಲ್ಲಿರುವುದಿಲ್ಲ.

ಆದ್ದರಿಂದ ನಡೆಯುವವರಿಗೆ ನಾನು ಹೇಳುವುದು ಹಗುರವಾದ 100–400 ವರ್ಗದ ಜೂಮ್. ಕ್ಯಾನನ್‌ನ ಆರ್‌ಎಫ್ 100–400 ಕೇವಲ 635 ಗ್ರಾಂ, 88 ಸೆಂಟಿಮೀಟರ್‌ವರೆಗೆ ಫೋಕಸ್ ಆಗುತ್ತದೆ. ಹಕ್ಕಿ ಇಲ್ಲದ ಹೊತ್ತಿನಲ್ಲಿ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಿಗೂ ಅದೇ ಸಾಕು. ಕೊರತೆ ಎಂದರೆ 400ರ ತುದಿಯಲ್ಲಿ ಅದು ಎಫ್ 8. ಬೆಳಗ್ಗೆ ಎಂಟರ ಬಿಸಿಲಿಗೆ ತೊಂದರೆಯಿಲ್ಲ, ಮಲೆನಾಡಿನ ಕಾಡಿನೊಳಗೆ ಕಷ್ಟ. ಇದೇ ಕಂಪನಿಯ 600 ಮತ್ತು 800 ಮಿ.ಮೀ. ಎಫ್ 11 ಲೆನ್ಸ್‌ಗಳು ಬೆಲೆಗೆ ಹೋಲಿಸಿದರೆ ಬಹಳ ದೂರ ತಲುಪುತ್ತವೆ, ತೂಕವೂ ಒಂದು ಕಿಲೋ ಆಚೆ ಈಚೆ. ಆದರೆ 600 ಫೋಕಸ್ ಆಗುವುದು 4.5 ಮೀಟರಿನಿಂದ, 800 ಆರು ಮೀಟರಿನಿಂದ. ಎಫ್ 5.6ಕ್ಕೆ ಹೋಲಿಸಿದರೆ ಎಫ್ 11ರಲ್ಲಿ ಬೆಳಕು ನಾಲ್ಕನೇ ಒಂದು ಭಾಗ, ಅಂದರೆ ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) 1600 ಇದ್ದ ಕಡೆ 6400 ಬೇಕು. ಬಯಲುಸೀಮೆಯ ತೆರೆದ ಕುರುಚಲಿಗೆ ಸರಿ, ನೀರಿನ ತೊಟ್ಟಿಯ ಮುಂದೆ ಅಥವಾ ದಟ್ಟ ನೆರಳಿನಲ್ಲಿ ಬೇಡ.

ಮರೆಯಲ್ಲಿ ಕೂರುವವರು ಇನ್ನೊಂದು ಲೆಕ್ಕ ಗಮನಿಸಬೇಕು. ಹದಿನೆಂಟು ಸೆಂಟಿಮೀಟರಿನ ಪಿಕಳಾರ ನಾಲ್ಕು ಮೀಟರಿನಲ್ಲಿ ಕೂತರೆ 600 ಮಿ.ಮೀ. ಲೆನ್ಸ್‌ನಲ್ಲಿ ಅದರ ಬಿಂಬ ಲೆಕ್ಕದ ಪ್ರಕಾರ 27 ಮಿ.ಮೀ. ಫುಲ್ ಫ್ರೇಮ್‌ಗಿಂತ ಚಿಕ್ಕದಾದ ಕ್ರಾಪ್ ಸೆನ್ಸರ್‌ನ ಅಗಲವೇ ಸುಮಾರು 23 ಮಿ.ಮೀ. ಬಾಲ ಹೊರಗೆ ಉಳಿಯುತ್ತದೆ. ಅಲ್ಲಿ ಜೂಮ್ ಇರಲೇಬೇಕು, 300ರಿಂದ 400 ಮಿ.ಮೀ. ಧಾರಾಳ.

ಕಡಿಮೆ ಖರ್ಚಿನಲ್ಲಿ ಶುರು ಮಾಡುವವರಿಗೆ ಎರಡು ದಾರಿ. ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದರೆ ಕ್ಯಾನನ್‌ನ ಇಎಫ್ 400 ಎಫ್ 5.6 ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಿ. 1993ರ ಲೆನ್ಸ್, ಒಂದೂಕಾಲು ಕಿಲೋ, ಕೈನಡುಕ ತಡೆಯುವ ವ್ಯವಸ್ಥೆ ಅದರಲ್ಲಿಲ್ಲ. ಸಣ್ಣ ಹಕ್ಕಿಗೆ ಹೇಗಿದ್ದರೂ ಶಟರ್ ವೇಗ ಹೆಚ್ಚೇ ಇರುವುದರಿಂದ ಅದು ದೊಡ್ಡ ಕೊರತೆಯಾಗುವುದಿಲ್ಲ. ಇನ್ನೊಂದು, ಲೆನ್ಸ್ ಬದಲಿಸಲಾಗದ ಸೂಪರ್‌ಜೂಮ್. ನಿಕಾನ್ ಪಿ950 ಒಂದು ಕಿಲೋ ತೂಕದಲ್ಲಿ 2000 ಮಿ.ಮೀ.ಗೆ ಸಮನಾದ ಜೂಮ್ ಕೊಡುತ್ತದೆ. ಗುರುತು ಹಿಡಿಯಲು, ಕೂತ ಹಕ್ಕಿಯನ್ನು ದಾಖಲಿಸಲು ಚೆನ್ನಾಗಿದೆ. ಬೆರಳುಗುರಿನಷ್ಟು ಸೆನ್ಸರ್ ಆದ್ದರಿಂದ ನೆರಳಿನಲ್ಲಿ ಚಿತ್ರ ತೀರಾ ಕಾಳುಕಾಳಾಗುತ್ತದೆ, ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿಯನ್ನು ಅದು ಹಿಂಬಾಲಿಸಲಾರದು.

ಡಿಎಸ್‌ಎಲ್‌ಆರ್, ಕನ್ನಡಿಯಿಲ್ಲದ ಮಿರರ್‌ಲೆಸ್ ನಡುವೆ ಹೊಸದಾಗಿ ಕೊಳ್ಳುವವರು ಮಿರರ್‌ಲೆಸ್ ಕಡೆ ಹೋಗುವುದೇ ಸರಿ. ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಹಿಡಿದುಕೊಳ್ಳುವ ಫೋಕಸ್ ನಿಜಕ್ಕೂ ದೊಡ್ಡ ಉಪಕಾರ. ಎಲೆಗಳ ನಡುವೆ ಮಾತ್ರ ಅದೂ ಮೋಸಹೋಗುತ್ತದೆ. ಚಿಕ್ಕ ಬಿಂದುವಿನಿಂದ ಹಕ್ಕಿಯ ಮೈಗೆ ಮೊದಲು ಫೋಕಸ್ ತಂದು, ಆಮೇಲೆ ಕಣ್ಣು ಹಿಡಿಯುವ ಕೆಲಸವನ್ನು ಕ್ಯಾಮೆರಾಕ್ಕೆ ಬಿಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹತ್ತಿರದ ಹಕ್ಕಿಗೆ ಒಳ್ಳೆಯದು, ಆದರೆ ಸೆನ್ಸರ್ ನಿಧಾನವಾಗಿ ಓದುವ ಕ್ಯಾಮೆರಾಗಳಲ್ಲಿ ಬಡಿಯುವ ರೆಕ್ಕೆ ಸೊಟ್ಟಗಾಗಿ ಮೂಡುತ್ತದೆ. ಹಾರಾಟಕ್ಕೆ ಮೆಕ್ಯಾನಿಕಲ್ ಶಟರ್ ಇರಲಿ.

ಬೆಳಕು, ವೇಗ

ನಾನು ಮ್ಯಾನುವಲ್ ಮೋಡ್‌ನಲ್ಲಿ ಶಟರ್ ಮತ್ತು ಅಪರ್ಚರ್ (ಎಫ್ ಸಂಖ್ಯೆ ಅಳೆಯುವ ಲೆನ್ಸ್‌ನ ಕಿಂಡಿ) ಕೈಯಲ್ಲಿಟ್ಟುಕೊಂಡು ಐಎಸ್‌ಒ ಮಾತ್ರ ಕ್ಯಾಮೆರಾಕ್ಕೆ ಬಿಡುತ್ತೇನೆ. ಕೂತ ಹಕ್ಕಿಗೂ ಸೆಕೆಂಡಿನ 1/1000 ಭಾಗ, ಹಾರುವಂತಿದ್ದರೆ 1/2500. ಅಪರ್ಚರ್ ಆದ್ಯತೆಯ ಮೋಡ್ ನೆರಳು ಬಂದೊಡನೆ ಶಟರ್ ಅನ್ನು ನಿಧಾನ ಮಾಡುತ್ತದೆ, ತಲೆ ಅಲುಗಾಡಿಸುವ ಹಕ್ಕಿಗೆ ಅದು ಸಲ್ಲದು. ಕಾಡಿನೊಳಗೆ ಬೇರೆ ದಾರಿಯಿಲ್ಲದಾಗ 1/400ಕ್ಕೆ ಇಳಿಸಿ ಒಮ್ಮೆಗೆ ಏಳೆಂಟು ಚಿತ್ರ ತೆಗೆಯಿರಿ, ಹಕ್ಕಿ ತಲೆ ನಿಲ್ಲಿಸಿದ ಒಂದು ಕ್ಷಣ ಅದರೊಳಗೆ ಸಿಗುತ್ತದೆ. ಆಕಾಶ ಹಿಂದಿದ್ದರೆ ಬೆಳಕನ್ನು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಏರಿಸಿ. ಕಚ್ಚಾ (ರಾ) ಫೈಲ್‌ನಲ್ಲೇ ತೆಗೆಯಿರಿ, ಅದರ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ.

ಐದು ಮೀಟರಿನಲ್ಲಿ 400 ಮಿ.ಮೀ., ಎಫ್ 5.6 ಇಟ್ಟರೆ ಕ್ರಾಪ್ ಸೆನ್ಸರ್‌ನಲ್ಲಿ ಸ್ಪಷ್ಟವಾಗಿ ಮೂಡುವ ಆಳ ಮೂರೂವರೆ ಸೆಂಟಿಮೀಟರ್. 600 ಮಿ.ಮೀ., ಎಫ್ 6.3 ಆದರೆ ಎರಡು ಸೆಂಟಿಮೀಟರೂ ಇಲ್ಲ. ಹಕ್ಕಿ ನಮಗೆ ಅಡ್ಡಲಾಗಿ ಕೂತಾಗ ಒತ್ತುವುದಕ್ಕೂ ಎದುರಾಗಿ ಕೂತಾಗ ಒತ್ತುವುದಕ್ಕೂ ಇರುವ ವ್ಯತ್ಯಾಸ ಇದೇ. ಸೂರಕ್ಕಿಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅದರ ಕೊರಳಿನ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ರಚನೆಯಲ್ಲಿ ಬೆಳಕು ಒಡೆದು ಮೂಡುವಂಥದ್ದು. ಕೋನ ತಪ್ಪಿದರೆ ಗಂಡಿನ ತಲೆ, ಕೊರಳು ಬರಿಯ ಕಪ್ಪು. ಸೂರ್ಯ ನಿಮ್ಮ ಹೆಗಲ ಹಿಂದಿದ್ದು ಅದು ತಲೆ ಹೊರಳಿಸಿದ ಕ್ಷಣದಲ್ಲಿ ನೆತ್ತಿ ಹಸಿರಾಗಿ, ಕೊರಳು ನೇರಳೆಯಾಗಿ ಹೊತ್ತಿಕೊಳ್ಳುತ್ತದೆ.

ಹೋಲಿಕೆಗೆ ತರಲೇಬಾರದ ಎರಡು ದಾರಿಗಳು

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದು ಎಲ್ಲಕ್ಕಿಂತ ಬೇಗ ಫಲ ಕೊಡುವ ದಾರಿ, ಅದಕ್ಕೇ ಅದು ಇಷ್ಟು ಹಬ್ಬಿದೆ. ತನ್ನ ಎಲ್ಲೆಯೊಳಗೆ ಪರಕೀಯ ಗಂಡು ನುಗ್ಗಿದೆ ಎಂದುಕೊಂಡು ಹಕ್ಕಿ ಓಡಿ ಬರುತ್ತದೆ, ಗಂಟಲುಬ್ಬಿಸಿ ಕೂಗುತ್ತದೆ, ಇಲ್ಲದ ಶತ್ರುವನ್ನು ಹುಡುಕುತ್ತದೆ. ಮರಿಗೆ ಹುಳು ತರಬೇಕಾದ ಹೊತ್ತು ಅದು. ಕೆಲವೇ ಗ್ರಾಂ ತೂಗುವ ಜೀವಕ್ಕೆ ಹತ್ತು ನಿಮಿಷದ ಈ ಓಡಾಟ ಸಣ್ಣದಲ್ಲ, ನಮ್ಮ ಹಿಂದೆ ಇನ್ನೊಬ್ಬರು ಬಂದು ಅದನ್ನೇ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ.

ಗೂಡಿನ ಚಿತ್ರವೂ ಹಾಗೆಯೇ. ಟುವ್ವಿಹಕ್ಕಿ ಎಲೆ ಹೊಲಿದು ಗೂಡು ಮುಚ್ಚಿಡುವುದು ಕಾಗೆ, ಕೆಂಬೂತಗಳ ಕಣ್ಣಿಗೆ ಬೀಳಬಾರದೆಂದು. ಚಿತ್ರಕ್ಕಾಗಿ ನಾವು ಒಂದು ಎಲೆ ಸರಿಸಿದರೂ ಆ ಮರೆ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೇ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕಾನೂನು ಇರಲಿ ಬಿಡಲಿ, ನಾರು ಕಚ್ಚಿಕೊಂಡ ಹಕ್ಕಿ ಕಂಡರೆ ನಾನು ಕ್ಯಾಮೆರಾ ಇಳಿಸಿ ಆ ಕಡೆಯಿಂದ ಹೊರಟುಬಿಡುತ್ತೇನೆ.

ಇಷ್ಟೆಲ್ಲ ಓದಿದ ಮೇಲೂ ಯಾವುದನ್ನು ಕೊಳ್ಳುವುದು ಎಂದು ತೋಚದಿದ್ದರೆ ಹೀಗೆ ಮಾಡಿ. ಈ ವಾರ ಏನನ್ನೂ ಕೊಳ್ಳಬೇಡಿ. ನಿಮ್ಮ ಬೀದಿಯಲ್ಲಿ ಹೂವೋ ಹಣ್ಣೋ ಇರುವ ಒಂದು ಮರ ಗುರುತಿಸಿ, ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಒಂದು ಬೈನಾಕ್ಯುಲರ್, ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಕೂರಿ. ಯಾವ ಹಕ್ಕಿ, ಎಷ್ಟು ಹೊತ್ತಿಗೊಮ್ಮೆ, ಯಾವ ಕೊಂಬೆಗೆ, ನಿಮ್ಮಿಂದ ಎಷ್ಟು ದೂರಕ್ಕೆ ಬರುತ್ತದೆ ಎಂದು ಬರೆಯಿರಿ. ಐದು ದಿನದ ನಂತರ ಆ ದೂರಗಳನ್ನು ನೋಡಿ. ಹೆಚ್ಚಿನವು ಆರು ಮೀಟರಿನೊಳಗಿದ್ದರೆ 400 ಸಾಕು, ಹತ್ತರ ಆಚೆ ಇದ್ದರೆ 600 ಬೇಕು. ಅದನ್ನೇ ಶನಿವಾರ, ಭಾನುವಾರಕ್ಕೆ ಬಾಡಿಗೆಗೆ ತನ್ನಿ, ಪುಸ್ತಕದಲ್ಲಿ ಬರೆದ ಕೊಂಬೆಗೆ ಫೋಕಸ್ ಇಟ್ಟು ಏಳು ಗಂಟೆಗೆ ಕೂರಿ.